ಹೈ-ರಿಸ್ಕ್ ಕ್ಯಾನ್ಸರ್ ಇರುವ ಮಗುವಿಗೆ ಯಾವ ದಾರಿ? ಪ್ರೊಟೋಕಾಲ್, ಟ್ರಯಲ್, ಟಾರ್ಗೆಟೆಡ್ ಔಷಧ, ಕಾರ್-ಟಿ: ಒಂದು ಹೋಲಿಕೆ

"ಡಾಕ್ಟರು ಮೂರು ದಾರಿ ಹೇಳಿದ್ದಾರೆ. ಈ ವಾರದೊಳಗೆ ತಿಳಿಸಿ ಅಂದಿದ್ದಾರೆ. ಯಾವುದಕ್ಕೆ ಹೂಂ ಅನ್ನೋಣ?" ಮಗುವಿಗೆ ಹೈ-ರಿಸ್ಕ್ ಕ್ಯಾನ್ಸರ್ ಅಂತ ಗೊತ್ತಾದ ಮನೆಗಳಿಂದ ಬರುವ ಪ್ರಶ್ನೆ ಹೆಚ್ಚಾಗಿ ಇದೇ. ಅದರ ಬೆನ್ನಿಗೇ ಇನ್ನೊಂದು: "ಹೊಸ ಚಿಕಿತ್ಸೆ ಬಂದಿದೆಯಂತೆ, ಹಳೇದಕ್ಕಿಂತ ಒಳ್ಳೇದು ಅಲ್ವಾ?"

ಹೊಸದು ಅನ್ನೋದು ಅಳತೆಯೇ ಅಲ್ಲ. ಕೇಳಬೇಕಾದ್ದು ಎರಡು. ಈ ಚಿಕಿತ್ಸೆಯಿಂದ ನನ್ನ ಮಗುವಿಗೆ ಏನಾಗಲಿ ಅಂತ ಕೊಡುತ್ತಿದ್ದೀರಿ? ಇದನ್ನು ಮೊದಲು ಕೊಟ್ಟರೆ ಮುಂದೆ ಯಾವ ದಾರಿ ಮುಚ್ಚಿಹೋಗುತ್ತದೆ? ಈ ಎರಡಕ್ಕೆ ಉತ್ತರ ಸಿಕ್ಕರೆ ಆಯ್ಕೆ ಬಹಳ ಮಟ್ಟಿಗೆ ತಿಳಿಯಾಗುತ್ತದೆ. ಕೊನೆಯ ತೀರ್ಮಾನ ನಿಮ್ಮ ಡಾಕ್ಟರ ಜೊತೆ ಕೂತು ಮಾಡಬೇಕಾದದ್ದೇ. ಕೂರುವ ಮುಂಚೆ ಓದಿಕೊಳ್ಳಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಹೈ-ರಿಸ್ಕ್ ಅಂದರೆ ಮೊದಲ ಚಿಕಿತ್ಸೆಗೆ ಕ್ಯಾನ್ಸರ್ ಬಗ್ಗದೇ ಇರುವ, ಇಲ್ಲವೇ ಬಗ್ಗಿ ಮತ್ತೆ ಮರುಕಳಿಸುವ ಸಂಭವ ಜಾಸ್ತಿ ಅಂತ. ಒಂದೂವರೆ ವರ್ಷ ದಾಟಿದ ಮಗುವಿನ ಮೈಯೆಲ್ಲ ಹರಡಿದ ನ್ಯೂರೋಬ್ಲಾಸ್ಟೋಮಾ (ಎಳೆಯ ನರಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್), ಚಿಕಿತ್ಸೆ ಮುಗಿಯುವ ಮುಂಚೆಯೇ ವಾಪಸ್ ಬಂದ ಲುಕೇಮಿಯಾ (ರಕ್ತದ ಕ್ಯಾನ್ಸರ್), ಮೆದುಳಿನ ಕಾಂಡದಲ್ಲಿ ಬೆಳೆಯುವ ಡಿಐಪಿಜಿ ಅನ್ನೋ ಗಡ್ಡೆ, ಶ್ವಾಸಕೋಶಕ್ಕೆ ಹರಡಿದ ಮೂಳೆ ಕ್ಯಾನ್ಸರ್. ಇವೆಲ್ಲ ಬೇರೆ ಬೇರೆ ಕಾಯಿಲೆಗಳು. ಪಕ್ಕದ ಬೆಡ್ಡಿನ ಮಗುವಿಗೆ ಹಿಡಿಸಿದ ಔಷಧ ನಿಮ್ಮ ಮಗುವಿಗೆ ಸಂಬಂಧವೇ ಇಲ್ಲದ್ದಾಗಿರಬಹುದು.

ಯಾವುದರಿಂದ ಅಳೆಯೋದು

ಮೊದಲನೆಯದು ಗುರಿ. ಪೂರ್ತಿ ಗುಣವಾಗಲಿ ಅಂತ ಕೊಡುತ್ತಿರುವುದಾ? ಟ್ರಾನ್ಸ್‌ಪ್ಲಾಂಟ್ (ಮೂಳೆಮಜ್ಜೆ ಬದಲಿಸೋದು) ತನಕ ತಲುಪಿಸಲಿಕ್ಕಾ? ಸ್ವಲ್ಪ ಕಾಲ ರೋಗವನ್ನು ತಡೆದು ನಿಲ್ಲಿಸಲಿಕ್ಕಾ? ಇಲ್ಲಾ ಮಕ್ಕಳಿಗೆ ಈ ಔಷಧ ಎಷ್ಟು ಕೊಡಬಹುದು ಅಂತ ಕಂಡುಕೊಳ್ಳಲಿಕ್ಕಾ? ನಾಲ್ಕೂ ಒಳ್ಳೆಯ ಕಾರಣಗಳೇ. ಆದರೆ ಡಾಕ್ಟರ ಮನಸ್ಸಿನಲ್ಲಿ ಒಂದು, ಅಪ್ಪ-ಅಮ್ಮನ ಮನಸ್ಸಿನಲ್ಲಿ ಇನ್ನೊಂದು ಇದ್ದರೆ ಮುಂದೆ ತುಂಬಾ ಸಂಕಟವಾಗುತ್ತದೆ. ಸಂಕೋಚ ಬಿಟ್ಟು ನೇರವಾಗಿ ಕೇಳಿಬಿಡಿ.

ಎರಡನೆಯದು ಪುರಾವೆ. ಎಷ್ಟು ಮಕ್ಕಳ ಮೇಲೆ ನೋಡಿದ್ದಾರೆ? ಇದೇ ಕಾಯಿಲೆಯವರ ಮೇಲೆಯಾ? ಯಾವುದರ ಜೊತೆ ಹೋಲಿಸಿದ್ದಾರೆ? ಗಡ್ಡೆ ಕುಗ್ಗಿತು ಅನ್ನೋದು ಬೇರೆ, ಮಕ್ಕಳು ಹೆಚ್ಚು ಕಾಲ ಬದುಕಿದರು ಅನ್ನೋದು ಬೇರೆ.

ಮೂರನೆಯದು ಮಗುವಿನ ದಿನಗಳು. ಎಷ್ಟು ದಿನ ಆಸ್ಪತ್ರೆಯಲ್ಲಿ, ಎಷ್ಟು ಸೂಜಿ, ಎಷ್ಟು ನೋವು, ಹತ್ತು ವರ್ಷದ ಮೇಲೆ ಏನು ಉಳಿಯುತ್ತದೆ.

ನಾಲ್ಕನೆಯದು ಸರದಿ. ಇದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಕೆಲವು ಟ್ರಯಲ್‌ಗಳು (ಚಿಕಿತ್ಸೆಯನ್ನು ರೋಗಿಗಳಲ್ಲಿ ಪರೀಕ್ಷಿಸಿ ನೋಡುವ ಅಧ್ಯಯನಗಳು) ಇಂಥ ಔಷಧ ಮೊದಲೇ ತಗೊಂಡ ಮಗುವನ್ನು ಸೇರಿಸಿಕೊಳ್ಳುವುದಿಲ್ಲ. ಕೆಲವಕ್ಕೆ ಹಿಂದಿನ ಔಷಧ ಮೈಯಿಂದ ಪೂರ್ತಿ ಹೋಗಲಿ ಅಂತ ವಾರಗಟ್ಟಲೆ ಕಾಯಬೇಕು. ಆ ವಾರಗಳಲ್ಲಿ ರೋಗ ಸುಮ್ನೆ ಕೂತಿರುವುದಿಲ್ಲ.

ಐದನೆಯದು ದುಡ್ಡು ಮತ್ತು ದೂರ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಈಗಾಗಲೇ ಇರುವ ಪ್ರೊಟೋಕಾಲ್

ಪ್ರೊಟೋಕಾಲ್ ಅಂದರೆ ಆಯಾ ಕಾಯಿಲೆಗೆ ಗೊತ್ತುಪಡಿಸಿದ ಕ್ರಮದಲ್ಲಿ ಕೊಡುವ ಚಿಕಿತ್ಸೆ. ಆ ಮಾತು ಕೇಳಿದ ಕೂಡಲೇ ಹಳೇ ಚಿಕಿತ್ಸೆ ಅಂತ ಮುಖ ಸಣ್ಣ ಮಾಡಿಕೊಳ್ಳುವವರಿದ್ದಾರೆ. ನಿಜವಾಗಿ ಇದು ನಿನ್ನೆಯ ಟ್ರಯಲ್‌ಗಳಲ್ಲಿ ಗೆದ್ದು ಬಂದದ್ದು. ಹೈ-ರಿಸ್ಕ್ ನ್ಯೂರೋಬ್ಲಾಸ್ಟೋಮಾವನ್ನೇ ನೋಡಿ. ಕೀಮೋ, ಆಪರೇಷನ್, ಹೈ-ಡೋಸ್ ಕೀಮೋ ಕೊಟ್ಟು ಮಗುವಿನದೇ ಸ್ಟೆಮ್ ಸೆಲ್ (ರಕ್ತ ಹುಟ್ಟಿಸುವ ಕೋಶ) ವಾಪಸ್ ಹಾಕೋದು, ರೇಡಿಯೇಷನ್, ಆಮೇಲೆ ಜಿಡಿ2 ಅನ್ನೋ ಗುರುತನ್ನು ಹಿಡಿಯುವ ಆಂಟಿಬಾಡಿ ಔಷಧ. ಎಲ್ಲ ಸೇರಿ ವರ್ಷದ ಮೇಲೆ ಹಿಡಿಯುತ್ತದೆ. ಆ ಕೊನೆಯ ಆಂಟಿಬಾಡಿ 2010ರಲ್ಲಿ ಪ್ರಕಟವಾದ, 226 ರೋಗಿಗಳಿದ್ದ ಟ್ರಯಲ್‌ನಿಂದ ಬಂದದ್ದು. ಎರಡು ವರ್ಷವಾದಾಗ ರೋಗ ಮರುಕಳಿಸದೆ ಇದ್ದವರು ಆಂಟಿಬಾಡಿ ಗುಂಪಿನಲ್ಲಿ 66%, ಇನ್ನೊಂದು ಗುಂಪಿನಲ್ಲಿ 46%. 2015ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು.

ಇದರ ನೋವಿನ ಬಗ್ಗೆ ಮೊದಲೇ ಗೊತ್ತಿರಲಿ. ಜಿಡಿ2 ಅನ್ನೋ ಗುರುತು ಕ್ಯಾನ್ಸರ್ ಕೋಶದ ಮೇಲಷ್ಟೇ ಅಲ್ಲ, ನರಗಳ ಮೇಲೂ ಇರುತ್ತದೆ. ಔಷಧ ಹನಿಯಲು ಶುರುವಾದರೆ ಹೊಟ್ಟೆ, ಕಾಲು, ಬೆನ್ನು ಎಲ್ಲ ನೋಯುತ್ತದೆ. ಅದಕ್ಕೇ ಪಕ್ಕದಲ್ಲಿ ಮಾರ್ಫಿನ್ ಕೂಡ ಓಡುತ್ತಿರುತ್ತದೆ. ಡ್ರಿಪ್‌ನ ವೇಗ ತಗ್ಗಿಸಿದರೆ, ನೋವಿನ ಔಷಧ ಏರಿಸಿದರೆ ಹೆಚ್ಚಿನ ಮಕ್ಕಳು ತಡೆದುಕೊಳ್ಳುತ್ತಾರೆ. ಈ ನೋವು ರೋಗ ಜಾಸ್ತಿಯಾದ ಲಕ್ಷಣ ಅಲ್ಲ ಅಂತ ತಿಳಿದಿದ್ದರೆ ಅಮ್ಮನಿಗೂ ಅರ್ಧ ಭಯ ಕಮ್ಮಿ. ಇನ್ನು ಉಳಿಯುವ ತೊಂದರೆಗಳು: ಸಿಸ್‌ಪ್ಲಾಟಿನ್‌ನಿಂದ ಕಿವಿ ಮಂದವಾಗಬಹುದು, ಡಾಕ್ಸೊರೂಬಿಸಿನ್‌ನಿಂದ ಹೃದಯಕ್ಕೆ ಪೆಟ್ಟು ಬೀಳಬಹುದು.

ಇತ್ತೀಚೆಗೆ ಈ ಪ್ರೊಟೋಕಾಲ್‌ನ ಬಾಲಕ್ಕೆ ಡಿಎಫ್‌ಎಂಒ ಮಾತ್ರೆ ಸೇರಿದೆ. 2023ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ್ದು. ಎರಡು ವರ್ಷ ಮನೆಯಲ್ಲೇ ತಗೊಳ್ಳುವ ಮಾತ್ರೆ, ದಿನಗಳು ಸಲೀಸು. ಆದರೆ ಪುರಾವೆ ಬಂದದ್ದು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದ ಟ್ರಯಲ್‌ನಿಂದ ಅಲ್ಲ, ಹಿಂದಿನ ಮಕ್ಕಳ ದಾಖಲೆ ಜೊತೆ ಹೋಲಿಸಿ. ಮೂರನೆಯ ಅಳತೆಯಲ್ಲಿ ಗೆಲ್ಲುತ್ತದೆ, ಎರಡನೆಯದರಲ್ಲಿ ಸ್ವಲ್ಪ ಸೊರಗುತ್ತದೆ. ಒಂದೇ ಔಷಧಕ್ಕೆ ಎರಡೂ ನಿಜವಾಗಿರಬಹುದು.

ನನ್ನ ಅಭಿಪ್ರಾಯ ಇದು. ಮೊದಲ ಸಲ ಕಾಯಿಲೆ ಪತ್ತೆಯಾದ ಮಗುವಿಗೆ ಪೂರ್ತಿ ಪ್ರೊಟೋಕಾಲ್, ತಡವಿಲ್ಲದೆ, ಮಧ್ಯೆ ಬಿಡದೆ. ಅದನ್ನು ಅರ್ಧಕ್ಕೆ ಬಿಟ್ಟು ಹೊಸದರ ಹಿಂದೆ ಹೋಗುವುದಕ್ಕೆ ಬಹಳ ಗಟ್ಟಿ ಕಾರಣ ಬೇಕು.

ಹಂತ 3ರ ಟ್ರಯಲ್

ಇಲ್ಲಿ ಹೊಸ ಚಿಕಿತ್ಸೆಯನ್ನು ಈಗಿನ ಚಿಕಿತ್ಸೆ ಜೊತೆ ಹೋಲಿಸುತ್ತಾರೆ. ಕಂಪ್ಯೂಟರ್ ಮಗುವನ್ನು ಒಂದು ಗುಂಪಿಗೆ ಹಾಕುತ್ತದೆ. "ನಮ್ಮ ಮಗೂಗೆ ಹೊಸ ಔಷಧ ಸಿಗದೇ ಹೋದರೆ?" ಅನ್ನೋದು ಎಲ್ಲರ ಆತಂಕ. ಹೊಸದು ಸಿಗದ ಗುಂಪಿಗೂ ಸಿಗುವುದು ಇವತ್ತಿನ ಒಳ್ಳೆಯ ಚಿಕಿತ್ಸೆಯೇ. ಸುಮ್ನೆ ಬಿಡುವುದಿಲ್ಲ.

ಹೊಸದು ಗೆದ್ದದ್ದಕ್ಕೆ ಉದಾಹರಣೆ ಬ್ಲಿನಾಟುಮೊಮ್ಯಾಬ್ ಅನ್ನೋ ಆಂಟಿಬಾಡಿ ಔಷಧ. ಮೊದಲ ಸಲ ಮರುಕಳಿಸಿದ, ಅಪಾಯ ಜಾಸ್ತಿ ಇದ್ದ ಬಿ-ಸೆಲ್ (ಬಿ-ಕೋಶ ಅನ್ನೋ ಬಿಳಿ ರಕ್ತಕಣದ) ಲುಕೇಮಿಯಾದ 208 ಮಕ್ಕಳು ಮತ್ತು ಯುವಕರಲ್ಲಿ ನಡೆದ ಟ್ರಯಲ್ 2021ರಲ್ಲಿ ಪ್ರಕಟವಾಯಿತು. ಟ್ರಾನ್ಸ್‌ಪ್ಲಾಂಟ್‌ಗೆ ಮುಂಚೆ ಕೀಮೋ ಬದಲು ಇದನ್ನು ಕೊಟ್ಟವರಲ್ಲಿ ಎರಡು ವರ್ಷಕ್ಕೆ ರೋಗವಿಲ್ಲದೆ ಇದ್ದವರು 54.4%, ಕೀಮೋ ಗುಂಪಿನಲ್ಲಿ 39%. ಸೋಂಕುಗಳೂ ಬಹಳ ಕಡಿಮೆ. ತೊಂದರೆ ಅಂದರೆ ಇದು 28 ದಿನ ಹಗಲೂ ರಾತ್ರಿ ನಿಲ್ಲದೆ ಹನಿಯಬೇಕು. ಮೊದಲ ಕೆಲವು ದಿನ ಆಸ್ಪತ್ರೆ, ಆಮೇಲೆ ಪಂಪ್ ಮತ್ತು ಔಷಧದ ಚೀಲವನ್ನು ಮಗುವಿನ ಬೆನ್ನಿಗೆ ಹಾಕುವ ಸಣ್ಣ ಬ್ಯಾಗಿನಲ್ಲಿಟ್ಟು ಮನೆಗೆ ಕಳಿಸುತ್ತಾರೆ. ಚೀಲ ಬದಲಿಸಲು ಆಗಾಗ ಹೋಗಬೇಕು. ಆಸ್ಪತ್ರೆ ಹತ್ತಿರ ಮನೆ ಮಾಡಿಕೊಳ್ಳಲು ಆಗದವರು ಇದನ್ನು ಮೊದಲೇ ಲೆಕ್ಕ ಹಾಕಬೇಕು.

ಹೊಸದು ಗೆಲ್ಲದೇ ಇದ್ದದ್ದಕ್ಕೂ ಉದಾಹರಣೆ ಬೇಕಲ್ವಾ? ಮಕ್ಕಳ ಹೈ-ಗ್ರೇಡ್ (ಬೇಗ ಬೆಳೆಯುವ) ಮೆದುಳು ಗಡ್ಡೆಗೆ ರೇಡಿಯೇಷನ್ ಮತ್ತು ಟೆಮೊಜೊಲೊಮೈಡ್ ಅನ್ನೋ ಕೀಮೋ ಜೊತೆ, ಗಡ್ಡೆಗೆ ರಕ್ತನಾಳ ಬೆಳೆಯದಂತೆ ತಡೆಯುವ ಬೆವಾಸಿಜುಮ್ಯಾಬ್ ಸೇರಿಸಿ ನೋಡಿದರು. 121 ಮಕ್ಕಳ ಆ ಟ್ರಯಲ್‌ನಲ್ಲಿ ರೋಗ ಮುಂದೂಡಲ್ಪಡಲಿಲ್ಲ. ಹಳೆಯ ಚಿಕಿತ್ಸೆಯ ಗುಂಪಿಗೆ ಬಿದ್ದ ಮಕ್ಕಳು ಅಲ್ಲಿ ಏನನ್ನೂ ಕಳೆದುಕೊಳ್ಳಲಿಲ್ಲ.

ಹಂತ 1 ಮತ್ತು 2

ಇಲ್ಲಿ ತುಸು ನಿಧಾನವಾಗಿ ಓದಿ. ಅಪ್ಪ-ಅಮ್ಮ ಹೆಚ್ಚು ತಪ್ಪು ತಿಳಿಯುವ ಜಾಗ ಇದು.

ಹಂತ 1ರ ಮುಖ್ಯ ಪ್ರಶ್ನೆ, ಮಕ್ಕಳಿಗೆ ಎಷ್ಟು ಪ್ರಮಾಣ ಸುರಕ್ಷಿತ ಅನ್ನೋದು. ಹಂತ 2ರದ್ದು, ಆ ಪ್ರಮಾಣ ರೋಗದ ಮೇಲೆ ಕೆಲಸ ಮಾಡುತ್ತದಾ ಅನ್ನೋದು. ಹಂತ 1ರಲ್ಲಿ ಹೆಚ್ಚಾಗಿ ದೊಡ್ಡವರ ಡೋಸಿನ ಸುಮಾರು 80%ರಿಂದ ಶುರು ಮಾಡಿ, ಕೆಲವೇ ಮಕ್ಕಳ ಒಂದೊಂದು ಗುಂಪಿಗೆ ಸ್ವಲ್ಪ ಸ್ವಲ್ಪ ಏರಿಸುತ್ತಾ ಹೋಗುತ್ತಾರೆ. ಔಷಧ ರಕ್ತದಲ್ಲಿ ಎಷ್ಟು ಹೊತ್ತು ಇರುತ್ತದೆ ಅಂತ ನೋಡಲು ಒಂದೇ ದಿನದಲ್ಲಿ ಹಲವು ಸಲ ರಕ್ತ ತೆಗೆಯುತ್ತಾರೆ. ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಹಾಕಿ ನೋಡಿದರೆ ಗಡ್ಡೆ ಗಣನೀಯವಾಗಿ ಕುಗ್ಗಿದ್ದು ಸುಮಾರು ಹತ್ತರಲ್ಲಿ ಒಂದು ಮಗುವಿಗೆ. ಔಷಧದ ಅಡ್ಡ ಪರಿಣಾಮದಿಂದಲೇ ಜೀವ ಹೋದದ್ದು ನೂರಕ್ಕೆ ಸುಮಾರು ಇಬ್ಬರು. ಈ ಎರಡೂ ಸಂಖ್ಯೆಯನ್ನು ಕಣ್ಣೆದುರು ಇಟ್ಟುಕೊಂಡೇ ಹೂಂ ಅನ್ನಬೇಕು.

ಹಾಗಂತ ಸರಾಸರಿಯನ್ನೇ ನಂಬಿ ಕೂರಬೇಡಿ. ಗಡ್ಡೆಯ ಜೀನ್‌ಗೋ ಅದರ ಕೋಶದ ಮೇಲಿನ ಗುರುತಿಗೋ ಸರಿಯಾಗಿ ಹೊಂದುವ ಚಿಕಿತ್ಸೆಯಾದರೆ ಲೆಕ್ಕ ಬೇರೆ. ರೋಮ್‌ನಲ್ಲಿ ಮರುಕಳಿಸಿದ ಅಥವಾ ಬಗ್ಗದ ನ್ಯೂರೋಬ್ಲಾಸ್ಟೋಮಾದ 27 ಮಕ್ಕಳಿಗೆ ಜಿಡಿ2 ಕಾರ್-ಟಿ (ಮಗುವಿನದೇ ರಕ್ಷಣಾ ಕೋಶ ಬದಲಿಸಿ ಹಾಕುವ ಚಿಕಿತ್ಸೆ, ಮುಂದೆ ಹೇಳುತ್ತೇನೆ) ಕೊಟ್ಟ ಹಂತ 1-2ರ ಟ್ರಯಲ್‌ನಲ್ಲಿ 63% ಮಕ್ಕಳಲ್ಲಿ ರೋಗ ತಗ್ಗಿತು. 2023ರಲ್ಲಿ ಪ್ರಕಟವಾದ ಫಲಿತಾಂಶ. ಘನ ಗಡ್ಡೆಗಳಲ್ಲಿ ಇಂಥದ್ದು ಅಪರೂಪ, ಓದಿದಾಗ ಮನಸ್ಸಿಗೆ ನಿಜಕ್ಕೂ ಖುಷಿಯಾಗಿತ್ತು. ಆದರೂ 27 ಅನ್ನೋದು 27 ಮಕ್ಕಳೇ.

ಯಾಕೆ ಈ ಟ್ರಯಲ್‌ಗಳು ಇಷ್ಟು ಕಡಿಮೆ ಅಂತ ಕೇಳುತ್ತಾರೆ. ದೊಡ್ಡವರ ಮೇಲೆ ಮೊದಲ ಟ್ರಯಲ್ ಶುರುವಾಗಿ ಮಕ್ಕಳ ಮೇಲೆ ಶುರುವಾಗುವ ಹೊತ್ತಿಗೆ ಸಾಮಾನ್ಯವಾಗಿ ಆರೂವರೆ ವರ್ಷ ಹೋಗುತ್ತಿತ್ತು. ಮಕ್ಕಳ ಕ್ಯಾನ್ಸರ್ ಅಪರೂಪ, ಕಂಪನಿಗಳಿಗೆ ಲಾಭ ಕಮ್ಮಿ. ಅಮೆರಿಕದ ರೇಸ್ ಕಾಯ್ದೆ 2020ರ ಆಗಸ್ಟ್‌ನಿಂದ ಜಾರಿಯಾಗಿದೆ. ದೊಡ್ಡವರ ಕ್ಯಾನ್ಸರ್ ಔಷಧದ ಗುರಿ ಮಕ್ಕಳ ಕ್ಯಾನ್ಸರ್‌ಗೂ ಸಂಬಂಧಿಸಿದ್ದಾದರೆ ಕಂಪನಿ ಮಕ್ಕಳಲ್ಲೂ ಅಧ್ಯಯನ ಮಾಡಲೇಬೇಕು ಅನ್ನುತ್ತದೆ ಅದು. ಬಹಳ ಹಿಂದೆಯೇ ಆಗಬೇಕಿದ್ದ ಕೆಲಸ.

ಮುಂದಿನ ಮಕ್ಕಳಿಗೆ ಉಪಯೋಗವಾಗಲಿ ಅಂತ ಸೇರುವವರೂ ಇದ್ದಾರೆ. ಅದು ಚಿಕ್ಕ ಮಾತಲ್ಲ. 1948ರಲ್ಲಿ ಬೋಸ್ಟನ್‌ನ ಡಾಕ್ಟರ್ ಸಿಡ್ನಿ ಫಾರ್ಬರ್ ಲುಕೇಮಿಯಾದ 16 ಮಕ್ಕಳಿಗೆ ಅಮಿನಾಪ್ಟೆರಿನ್ ಅನ್ನೋ ಔಷಧ ಕೊಟ್ಟ ಫಲಿತಾಂಶ ಪ್ರಕಟಿಸಿದರು. 10 ಮಕ್ಕಳಲ್ಲಿ ರೋಗ ಸ್ವಲ್ಪ ಕಾಲಕ್ಕೆ ಹಿಂದೆ ಸರಿದಿತ್ತು. ಆ ಔಷಧ ಬಂದದ್ದು ಭಾರತದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಸಂಶೋಧನೆ ನಡೆಸುತ್ತಿದ್ದ ಲೆಡರ್ಲೆ ಪ್ರಯೋಗಾಲಯದಿಂದ. ಇವತ್ತಿನ ಲುಕೇಮಿಯಾ ಚಿಕಿತ್ಸೆ ಆ ಮಕ್ಕಳಿಂದ ಶುರುವಾಯಿತು. ಆದರೆ ಈ ಕಾರಣ ಅಪ್ಪ-ಅಮ್ಮನ ಮನಸ್ಸಿನಿಂದ ಬರಬೇಕು. ಯಾರೂ ಹೇರಬಾರದು.

ಜೀನ್ ಪರೀಕ್ಷೆ, ಅದಕ್ಕೆ ಹೊಂದುವ ಔಷಧ

ಹೊಂದಿದರೆ ಇದರಷ್ಟು ಚೆನ್ನಾದದ್ದು ಇನ್ನೊಂದಿಲ್ಲ. ಫಿಲಡೆಲ್ಫಿಯಾ ಕ್ರೋಮೋಸೋಮ್ (ಎರಡು ಕ್ರೋಮೋಸೋಮ್‌ಗಳ ತುಂಡು ಅದಲುಬದಲಾದ ದೋಷ) ಇರುವ ಲುಕೇಮಿಯಾದಲ್ಲಿ ಕೀಮೋ ಜೊತೆ, ಆ ದೋಷಕ್ಕೇ ಗುರಿಯಿಡುವ ಇಮ್ಯಾಟಿನಿಬ್ ನಿಲ್ಲಿಸದೆ ಕೊಟ್ಟಾಗ ಮೂರು ವರ್ಷಕ್ಕೆ ರೋಗ ಮರುಕಳಿಸದವರು 80%. ಹಿಂದೆಲ್ಲ ಅದು 35% ಇತ್ತು. 2018ರಲ್ಲಿ ಅನುಮತಿ ಸಿಕ್ಕ ಲಾರೊಟ್ರೆಕ್ಟಿನಿಬ್ ಎನ್‌ಟಿಆರ್‌ಕೆ ಜೋಡಣೆ (ಆ ಜೀನ್ ಇನ್ನೊಂದು ಜೀನ್‌ಗೆ ಅಂಟಿಕೊಂಡಿರೋದು) ಇರುವ ಯಾವುದೇ ಗಡ್ಡೆಗೆ. ನಾಲ್ಕು ತಿಂಗಳ ಕೂಸಿನಿಂದ 76 ವರ್ಷದವರ ತನಕ 55 ಜನರಲ್ಲಿ 75%ರಷ್ಟು ಮಂದಿಗೆ ಗಡ್ಡೆ ಕುಗ್ಗಿತು. ಮಕ್ಕಳಿಗೆ ಕುಡಿಸುವ ದ್ರವದ ರೂಪದಲ್ಲೂ ಸಿಗುತ್ತದೆ. ಸೂಜಿ ಇಲ್ಲ, ಡ್ರಿಪ್ ಇಲ್ಲ.

ಸಮಸ್ಯೆ ಎಲ್ಲಿ ಅಂದರೆ, ಇಂಥ ಹೊಂದಿಕೆ ಸಿಗುವುದು ಕೆಲವರಿಗೆ ಮಾತ್ರ. ಹೈ-ರಿಸ್ಕ್ ಮಕ್ಕಳ ಗಡ್ಡೆಗಳ ಜೀನ್ ಓದುವ ಆಸ್ಟ್ರೇಲಿಯಾದ ಝೀರೋ ಯೋಜನೆಯ 2020ರ ವರದಿಯಲ್ಲಿ 252 ಗಡ್ಡೆಗಳ ಪೈಕಿ 71.4%ರಲ್ಲಿ ಗುರಿಯಿಡಬಹುದಾದ ಏನೋ ಒಂದು ಕಂಡಿತು. ಕೇಳಲು ಬಹಳ. ಆದರೆ ಗುರಿ ಕಂಡರೆ ಔಷಧ ಇರಬೇಕು, ಔಷಧ ಇದ್ದರೆ ಕೈಗೆ ಸಿಗಬೇಕು, ಸಿಕ್ಕರೆ ಕೆಲಸ ಮಾಡಬೇಕು. ಪ್ರತಿ ಮೆಟ್ಟಿಲಲ್ಲೂ ಮಕ್ಕಳು ಕಡಿಮೆಯಾಗುತ್ತಾರೆ. ಜರ್ಮನಿಯಿಂದ ನಡೆಯುವ ಇಂಥದ್ದೇ ಇನ್‌ಫಾರ್ಮ್ ಅಧ್ಯಯನದಲ್ಲಿ ಅತಿ ಬಲವಾದ ಗುರಿ ಇದ್ದು ಹೊಂದುವ ಔಷಧವೂ ಸಿಕ್ಕ ಚಿಕ್ಕ ಗುಂಪಿನಲ್ಲಿ ರೋಗ ಹಿಡಿತದಲ್ಲಿದ್ದದ್ದು ಸುಮಾರು ಏಳು ತಿಂಗಳು, ಉಳಿದವರಲ್ಲಿ ನಾಲ್ಕು ತಿಂಗಳ ಆಸುಪಾಸು. ಲಾಭ ಇದೆ, ಪವಾಡ ಅಲ್ಲ.

ಪೂರ್ತಿ ಜೀನೋಮ್ ಓದಿಸಲು ಆಗದವರು ಕೇಳಬೇಕಾದ್ದು ಇದು: ಈ ಕಾಯಿಲೆಯಲ್ಲಿ ಔಷಧವಿರುವ ಬದಲಾವಣೆಗಳು ಯಾವುವು, ಅವಷ್ಟನ್ನೇ ನೋಡಬಹುದಾ? ಬಿ-ರಾಫ್ ಜೀನ್‌ನ ವಿ600ಇ ಬದಲಾವಣೆ ಮತ್ತು ಎನ್‌ಟಿಆರ್‌ಕೆ ಜೋಡಣೆ ಇರಬಹುದಾ ಅಂತ ಬಯಾಪ್ಸಿ ತುಂಡಿಗೆ ಬಣ್ಣ ಹಾಕಿ ಮೊದಲ ಸುಳಿವು ಪಡೆಯಬಹುದು. ನ್ಯೂರೋಬ್ಲಾಸ್ಟೋಮಾದಲ್ಲಿ ಆಲ್ಕ್ ಜೀನ್ ನೋಡಿಸಿ. ಇನ್ನೊಂದು ಮುಖ್ಯ ವಿಷಯ. ಬಯಾಪ್ಸಿ ಮಾಡುವ ದಿನವೇ ಸ್ವಲ್ಪ ಅಂಗಾಂಶವನ್ನು ಫ್ರೀಜ್ ಮಾಡಿ ಇಡಲು ಕೇಳಿ. ಆಮೇಲೆ ಬೇಕು ಅಂದರೆ ಮಗುವಿಗೆ ಇನ್ನೊಂದು ಬಯಾಪ್ಸಿ.

ಕಾರ್-ಟಿ

ಮಗುವಿನ ಟಿ-ಕೋಶಗಳನ್ನು (ರೋಗದ ಜೊತೆ ಹೋರಾಡುವ ಬಿಳಿ ರಕ್ತಕಣಗಳನ್ನು) ತೆಗೆದು, ಕ್ಯಾನ್ಸರ್ ಗುರುತಿಸುವ ಹಾಗೆ ಬದಲಿಸಿ ವಾಪಸ್ ಹಾಕುವ ಚಿಕಿತ್ಸೆ. 2017ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಟಿಸಾಜೆನ್‌ಲೆಕ್‌ಲ್ಯೂಸೆಲ್, 25 ವರ್ಷದೊಳಗಿನವರ ಬಿ-ಸೆಲ್ ಲುಕೇಮಿಯಾ ಬಗ್ಗದಿದ್ದಾಗ ಅಥವಾ ಎರಡು ಸಲ ಮರುಕಳಿಸಿದಾಗ ಕೊಡುವಂಥದ್ದು. 75 ಜನರ ಟ್ರಯಲ್‌ನಲ್ಲಿ ಮೂರು ತಿಂಗಳೊಳಗೆ 81% ಮಂದಿಗೆ ರೋಗ ಕಾಣದಾಯಿತು. ಒಂದು ವರ್ಷಕ್ಕೆ ನೋಡಿದಾಗ ಮರುಕಳಿಸದೆ ಉಳಿದವರು ಅರ್ಧದಷ್ಟು. ಜಾಹೀರಾತಿನಲ್ಲಿ ಮೊದಲ ಸಂಖ್ಯೆ ಇರುತ್ತದೆ. ನೀವು ಎರಡನ್ನೂ ನೋಡಿ.

77% ಮಂದಿಗೆ ಸೈಟೋಕೈನ್ ತೊಂದರೆ (ಮೈಯ ರಕ್ಷಣಾ ವ್ಯವಸ್ಥೆ ಅತಿಯಾಗಿ ಕೆರಳೋದು) ಬಂತು. ಜೋರು ಜ್ವರ, ಬಿಪಿ ಇಳಿಯೋದು, ಕೆಲವರಿಗೆ ಐಸಿಯು. ಅದನ್ನು ತಣಿಸುವ ಟೊಸಿಲಿಜುಮ್ಯಾಬ್ ಔಷಧ ಕೊಟ್ಟು ಹತೋಟಿಗೆ ತರುತ್ತಾರೆ. ಮೆದುಳಿಗೂ ತಾತ್ಕಾಲಿಕ ಗೊಂದಲ ಬರಬಹುದು. ಅದಕ್ಕೇ ಬರೆಯಲು ಬರುವ ಮಕ್ಕಳ ಕೈಲಿ ದಿನಾ ಒಂದು ವಾಕ್ಯ ಬರೆಸುತ್ತಾರೆ. ನಿನ್ನೆ ನೆಟ್ಟಗಿದ್ದ ಸಾಲು ಇವತ್ತು ಓರೆಯಾಗಿದ್ದರೆ, ಮಗು ಚೆನ್ನಾಗಿ ಮಾತಾಡುತ್ತಿದ್ದರೂ ಡಾಕ್ಟರು ಎಚ್ಚರವಾಗುತ್ತಾರೆ. ಒಳ್ಳೆಯ ಬಿ-ಕೋಶಗಳೂ ಹೋಗುವುದರಿಂದ ಆಮೇಲೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಇಮ್ಯುನೊಗ್ಲಾಬ್ಯುಲಿನ್ (ಸೋಂಕು ತಡೆಯುವ ಆಂಟಿಬಾಡಿಗಳು) ಹಾಕಿಸಬೇಕಾಗುತ್ತದೆ.

ಸರದಿಯ ಪ್ರಶ್ನೆ ಇಲ್ಲಿ ಎಲ್ಲಕ್ಕಿಂತ ದೊಡ್ಡದು. ಭಾರೀ ಕೀಮೋ ಆದ ಮೇಲೆ ಒಳ್ಳೆಯ ಟಿ-ಕೋಶ ಸಿಗುವುದೇ ಕಷ್ಟ. ಬ್ಲಿನಾಟುಮೊಮ್ಯಾಬ್ ಮತ್ತು ಈ ಕಾರ್-ಟಿ ಎರಡೂ ಹುಡುಕುವುದು ಸಿಡಿ19 ಅನ್ನೋ ಒಂದೇ ಗುರುತನ್ನು. ಮೊದಲನೆಯದರ ನಂತರ ಕ್ಯಾನ್ಸರ್ ಆ ಗುರುತನ್ನೇ ಕಳಚಿಕೊಂಡು ಬಂದರೆ ಎರಡನೆಯದಕ್ಕೆ ಹಿಡಿಯಲು ಏನೂ ಇರುವುದಿಲ್ಲ. ಹಾಗಾಗಿ ಮೊದಲ ಮರುಕಳಿಕೆಯಲ್ಲೇ ಕೇಳಿ: ಮುಂದೆ ಕಾರ್-ಟಿ ಬೇಕಾದೀತು ಅನ್ನುವ ಹಾಗಿದ್ದರೆ ಕೋಶಗಳನ್ನು ಯಾವಾಗ ತೆಗೆದಿಡಬೇಕು?

ಅನುಕಂಪದ ಬಳಕೆ, ದೂರದ ಕ್ಲಿನಿಕ್

ಅನುಮತಿ ಸಿಗದ ಔಷಧವನ್ನು ಟ್ರಯಲ್‌ನ ಹೊರಗೆ ಒಂದು ಮಗುವಿಗೆ ಅಂತ ಕಂಪನಿಯಿಂದ ಕೇಳಿ ಪಡೆಯಬಹುದು. ಕಾಗದ ಪತ್ರಕ್ಕೆ ಸಮಯ ಹಿಡಿಯುತ್ತದೆ. ಇದೇ ಔಷಧದ ಟ್ರಯಲ್ ತೆರೆದಿದ್ದರೆ ಅದೇ ವಾಸಿ. ಅಲ್ಲಿ ನಿಗಾ ಜಾಸ್ತಿ.

ದೊಡ್ಡ ಮೊತ್ತ ಕೇಳುವ, ಫಲಿತಾಂಶ ಎಲ್ಲೂ ಪ್ರಕಟಿಸದ ಕ್ಲಿನಿಕ್‌ಗಳ ಬಗ್ಗೆ ಮಾತ್ರ ಗಟ್ಟಿಯಾಗಿಯೇ ಹೇಳುತ್ತೇನೆ: ಹೋಗಬೇಡಿ. ಸರಿಯಾದ ಟ್ರಯಲ್‌ನಲ್ಲಿ ಪ್ರಯೋಗದ ಔಷಧಕ್ಕೆ ಸಾಮಾನ್ಯವಾಗಿ ದುಡ್ಡು ಕೇಳುವುದಿಲ್ಲ. ಸರ್ಕಾರಿ ನೋಂದಣಿ ಪಟ್ಟಿಯಲ್ಲಿ ಹೆಸರಿದೆ ಅನ್ನೋದೂ ಸಾಲದು. ಪಟ್ಟಿಯಲ್ಲಿದ್ದರೆ ಚೆನ್ನಾಗಿದೆ ಅಂತ ಅರ್ಥವಲ್ಲ. ನಿಮ್ಮ ಡಾಕ್ಟರು ಅಲ್ಲಿಯ ಡಾಕ್ಟರ ಜೊತೆ ನೇರ ಮಾತಾಡಲಿ. ಅದಕ್ಕೆ ಅವರು ಒಪ್ಪದಿದ್ದರೆ ಅಲ್ಲಿಗೇ ಬಿಡಿ.

ನೋವು ಕಳೆಯುವ ಆರೈಕೆ

ಪ್ಯಾಲಿಯೇಟಿವ್ ಅಂದರೆ ಕೈಚೆಲ್ಲೋದು ಅಂತ ಅಂದುಕೊಂಡು ಎಷ್ಟೋ ಮನೆಯವರು ಆ ತಂಡವನ್ನೇ ಭೇಟಿಯಾಗುವುದಿಲ್ಲ. ಮೇಲೆ ಹೇಳಿದ ಯಾವುದರ ಜೊತೆಗಾದರೂ ಮೊದಲ ದಿನದಿಂದಲೇ ಇದು ನಡೆಯಬಹುದು. ನಡೆಯಬೇಕು. ನಿದ್ದೆ, ವಾಂತಿ, ನೋವು ಹತೋಟಿಯಲ್ಲಿದ್ದರೆ ಮಗು ಚಿಕಿತ್ಸೆಯನ್ನೂ ಚೆನ್ನಾಗಿ ತಡೆಯುತ್ತದೆ. ಮುಂದೊಂದು ದಿನ ಇದೊಂದೇ ಸಾಕು ಅಂತ ತೀರ್ಮಾನಿಸಿದರೆ, ಅದೂ ಪ್ರೀತಿಯಿಂದ ಮಾಡಿದ ಆಯ್ಕೆಯೇ.

ಹಾಗಾದರೆ ಯಾರಿಗೆ ಯಾವುದು

ಮೊದಲ ಸಲ ಪತ್ತೆಯಾದವರಿಗೆ ಪ್ರೊಟೋಕಾಲ್. ಹಂತ 3ರ ಟ್ರಯಲ್ ತೆರೆದಿದ್ದರೆ ಅದು ನನ್ನ ಮೊದಲ ಆಯ್ಕೆ.

ಲುಕೇಮಿಯಾ ಮರುಕಳಿಸಿದರೆ ಸರದಿಯ ಯೋಜನೆ ಪೂರ್ತಿ ಬರೆಸಿಕೊಳ್ಳಿ. ಬ್ಲಿನಾಟುಮೊಮ್ಯಾಬ್, ಟ್ರಾನ್ಸ್‌ಪ್ಲಾಂಟ್, ಕಾರ್-ಟಿ ಯಾವುದರ ಮೇಲೆ ಯಾವುದು ಅಂತ.

ನ್ಯೂರೋಬ್ಲಾಸ್ಟೋಮಾ ಮರುಕಳಿಸಿದರೆ ಹಂತ 1ಕ್ಕೆ ಓಡುವ ಮುಂಚೆ ಕೀಮೋ ಜೊತೆ ಆಂಟಿಬಾಡಿ ಕೊಡುವ ಬಗ್ಗೆ ಕೇಳಿ. 2017ರಲ್ಲಿ ಪ್ರಕಟವಾದ ಟ್ರಯಲ್‌ನಲ್ಲಿ ಇರಿನೊಟೆಕಾನ್, ಟೆಮೊಜೊಲೊಮೈಡ್ ಅನ್ನೋ ಕೀಮೋ ಜೊತೆ ಡಿನುಟುಕ್ಸಿಮ್ಯಾಬ್ (ಮೇಲೆ ಹೇಳಿದ ಜಿಡಿ2 ಆಂಟಿಬಾಡಿ) ಕೊಟ್ಟ 17 ಮಕ್ಕಳಲ್ಲಿ 9 ಮಕ್ಕಳಿಗೆ ರೋಗ ತಗ್ಗಿತು. ಅದೇ ಕೀಮೋ ಜೊತೆ ಟೆಮ್ಸಿರೊಲಿಮಸ್ ಅನ್ನೋ ಇನ್ನೊಂದು ಔಷಧ ಕೊಟ್ಟ 18ರಲ್ಲಿ ಒಬ್ಬರಿಗೆ ಮಾತ್ರ.

ಡಿಐಪಿಜಿ ಬಗ್ಗೆ ಬರೆಯುವುದು ಕಷ್ಟ. ರೇಡಿಯೇಷನ್ ಕೆಲ ಕಾಲ ನೆಮ್ಮದಿ ಕೊಡುತ್ತದೆ. ಪತ್ತೆಯಾದ ಮೇಲೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದು ವರ್ಷ ದಾಟುವುದಿಲ್ಲ. 2025ರ ಆಗಸ್ಟ್‌ನಲ್ಲಿ ಡೊರ್ಡಾವಿಪ್ರೋನ್ ಅನ್ನೋ ಕ್ಯಾಪ್ಸೂಲ್‌ಗೆ ಎಫ್‌ಡಿಎ ತ್ವರಿತ ಅನುಮತಿ ಕೊಟ್ಟಿತು. ಎಚ್3 ಕೆ27ಎಂ ಅನ್ನೋ ಜೀನ್ ಬದಲಾವಣೆ ಇರುವ, ಚಿಕಿತ್ಸೆಯ ನಂತರವೂ ಮುಂದುವರಿದ ಗಡ್ಡೆಗಳಿಗೆ. ಡಿಐಪಿಜಿ ಅಲ್ಲದ ಇಂಥ ಗಡ್ಡೆಗಳಿದ್ದ, ದೊಡ್ಡವರೂ ಮಕ್ಕಳೂ ಸೇರಿದ 50 ಜನರಲ್ಲಿ 22% ಮಂದಿಗೆ ಗಡ್ಡೆ ಕುಗ್ಗಿತ್ತು. ಇಲ್ಲಿ ಟ್ರಯಲ್ ಹುಡುಕುವುದು ಸರಿಯೇ. ಮನೆಯಲ್ಲಿ ಅಕ್ಕ-ತಮ್ಮಂದಿರ ಜೊತೆ ಕಳೆಯುವ ದಿನಗಳನ್ನು ಆರಿಸಿಕೊಳ್ಳುವುದೂ ಅಷ್ಟೇ ಸರಿ.

ಕೈ ಬಿಗಿ ಇರುವವರಿಗೆ ಒಂದು ಮಾತು. ದುಡ್ಡು ಮೊದಲು ಹೋಗಬೇಕಾದ್ದು ಪ್ರೊಟೋಕಾಲ್ ತಪ್ಪದೆ ಮುಗಿಸಲು, ಸೋಂಕಿಗೆ ತಕ್ಷಣ ಚಿಕಿತ್ಸೆ ಕೊಡಿಸಲು, ಆಸ್ಪತ್ರೆ ಹತ್ತಿರ ಉಳಿಯಲು. ಆಮೇಲೆ ಮುಖ್ಯವಾದ ಕೆಲವು ಜೀನ್‌ಗಳ ಪರೀಕ್ಷೆ. ಹಂತ 1ಕ್ಕಾಗಿ ಮನೆ ಮಾರಿ ದೇಶ ಬಿಡುವುದು ಬೇಡ. ಔಷಧ ಪುಕ್ಕಟೆ ಸಿಕ್ಕರೂ ಬಾಡಿಗೆ, ಪ್ರಯಾಣ, ಬಿಟ್ಟುಹೋದ ಕೆಲಸ, ಊರಲ್ಲೇ ಉಳಿದ ಇನ್ನೊಂದು ಮಗು, ಎಲ್ಲ ನಿಮ್ಮ ಲೆಕ್ಕಕ್ಕೇ ಬರುತ್ತವೆ.

ಸಹಿ ಹಾಕುವ ಮುಂಚೆ ಮಗುವಿನ ಜೊತೆ ಮಾತಾಡಿ. ಏಳೆಂಟು ವರ್ಷದ ಮಗುವಿಗೆ ಅದರ ಮಟ್ಟಕ್ಕೆ ಹೇಳಿದರೆ ಅರ್ಥವಾಗುತ್ತದೆ. ಹದಿಹರೆಯದವರಂತೂ ನಾವು ಕೇಳದ ಪ್ರಶ್ನೆ ಕೇಳುತ್ತಾರೆ. ಆಮೇಲೆ ಡಾಕ್ಟರ ಜೊತೆ ಕೂತು, ಮೊದಲ ಸ್ಕ್ಯಾನ್ ಯಾವ ದಿನ, ಅದರಲ್ಲಿ ಏನು ಕಂಡರೆ ಮುಂದುವರಿಸೋದು, ಏನು ಕಂಡರೆ ನಿಲ್ಲಿಸೋದು ಅಂತ ಮಗುವಿನ ಫೈಲಿನಲ್ಲಿ ಬರೆಸಿಕೊಳ್ಳಿ. ಟ್ರಯಲ್‌ನಿಂದ ಯಾವಾಗ ಬೇಕಾದರೂ ಹೊರಬರುವ ಹಕ್ಕು ನಿಮಗಿದೆ. ಹೊರಬಂದರೆ ಮುಂದಿನ ಆರೈಕೆ ಯಾರು ನೋಡಿಕೊಳ್ಳುತ್ತಾರೆ ಅನ್ನೋದನ್ನೂ ಅದೇ ಹಾಳೆಯಲ್ಲಿ ಬರೆಸಿ.